ಹುಡುಗನಿಗೆ ಮಾತು ಕಡಿಮೆ

ವೈಟ್‌ಫೀಲ್ಡಿನ ಕಂಪನಿಗಳಲ್ಲಿ ಕೆಲಸ ಮಾಡುವ ಮನುಷ್ಯ ವರ್ಷಕ್ಕೆ ಎಷ್ಟು ಸಲ ತನ್ನ ಹೆಸರನ್ನು ತಾನೇ ಹೇಳಿಕೊಳ್ಳಬೇಕಾಗುತ್ತದೆ ಎಂದು ಯಾರೂ ಲೆಕ್ಕ ಇಟ್ಟಂತಿಲ್ಲ. ಹೊಸ ಪ್ರಾಜೆಕ್ಟ್ ಬಂದರೆ ಸ್ವಪರಿಚಯ. ಹೊಸ ಮ್ಯಾನೇಜರ್ ಬಂದರೆ ಸ್ವಪರಿಚಯ. ಅಮೆರಿಕದ ಗಿರಾಕಿ ಪರದೆಯ ಮೇಲೆ ಮುಖ ತೋರಿಸಿದರೆ ಸ್ವಪರಿಚಯ. ಬೆಂಕಿ ಆರಿಸುವ ತರಬೇತಿಗೆ ಕರೆದರೆ ಅಲ್ಲೂ ಮೊದಲು ಸ್ವಪರಿಚಯ. ಬೆಂಕಿ ಅಲ್ಲಿಯವರೆಗೆ ಕಾಯಬೇಕು. ಎಲ್ಲರನ್ನೂ ಸುತ್ತ ನಿಲ್ಲಿಸಿ ಹೆಸರು, ಊರು, ಎಷ್ಟು ವರ್ಷದ ಅನುಭವ ಎಂದು ಕೇಳುತ್ತಾರೆ. ಇಷ್ಟಕ್ಕೇ ಬಿಟ್ಟರೆ ಬದುಕಬಹುದಿತ್ತು. ಕೊನೆಗೊಂದು ಇರುತ್ತದೆ: ‘ಫನ್ ಫ್ಯಾಕ್ಟ್’. ನಿಮ್ಮ ಬಗ್ಗೆ ಯಾರಿಗೂ ಗೊತ್ತಿಲ್ಲದ ಒಂದು ಮಜವಾದ ಸಂಗತಿ ಹೇಳಬೇಕು. ಪಕ್ಕದವನು ಬೈಕಿನಲ್ಲಿ ಲಡಾಖಿಗೆ ಹೋಗಿಬಂದಿರುತ್ತಾನೆ. ಅವನ ಪಕ್ಕದವಳು ಮ್ಯಾರಥಾನ್ ಓಡಿರುತ್ತಾಳೆ. ಸರದಿ ನನ್ನ ಕಡೆ ಬರುವ ಹೊತ್ತಿಗೆ ನನ್ನ ಬಗ್ಗೆ ನನಗೇ ಏನೂ ಗೊತ್ತಿಲ್ಲ ಎಂದು ಖಾತ್ರಿಯಾಗಿರುತ್ತದೆ. ‘ನಾನು ತಿಪಟೂರು ಕಡೆಯವನು’ ಎನ್ನುತ್ತೇನೆ. ಎಲ್ಲರೂ ಮುಂದಿನ ವಾಕ್ಯಕ್ಕೆ ಕಾಯುತ್ತಾರೆ. ನಾನೂ ಅವರ ಜೊತೆ ಕಾಯುತ್ತೇನೆ. ಅದು ಬರುವುದಿಲ್ಲ. ಯಾರೋ ಪುಣ್ಯಾತ್ಮರು ‘ನೈಸ್’ ಎಂದು ಸರದಿಯನ್ನು ಮುಂದಕ್ಕೆ ದಾಟಿಸುತ್ತಾರೆ.

ಮನೆಯಲ್ಲಿ ನನ್ನನ್ನು ಗುಮ್ಮನಗುಸುಕ ಎನ್ನುತ್ತಿದ್ದರು. ಶಾಲೆಯಲ್ಲಿ ಮೂಗಬಸಪ್ಪ ಎಂದರು. ಕಂಪನಿಯ ವಾರ್ಷಿಕ ಕಾಗದದಲ್ಲಿ ‘ಸಂವಹನ ಕೌಶಲ ಸುಧಾರಿಸಬೇಕು’ ಎಂದು ಬಂತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕದಿಂದ ಜನಪ್ರಿಯವಾದ ವಿಂಗಡಣೆಯ ಪ್ರಕಾರ ನಾನು ಅಂತರ್ಮುಖಿ. ಹಾಗೆಂದರೆ ನನಗೆ ಜನರೆಂದರೆ ಭಯವೆಂದಾಗಲಿ, ಜನರ ಮೇಲೆ ಕೋಪವೆಂದಾಗಲಿ ಅರ್ಥವಲ್ಲ. ಜನರ ನಡುವೆ ಇದ್ದಷ್ಟೂ ಬ್ಯಾಟರಿ ಇಳಿಯುತ್ತದೆ, ಒಬ್ಬನೇ ಇದ್ದರೆ ಏರುತ್ತದೆ, ಅಷ್ಟೆ. 2012ರಲ್ಲಿ ಅಮೆರಿಕದ ಸೂಸನ್ ಕೇನ್ ನಮ್ಮಂಥವರ ಪರವಾಗಿ ಒಂದು ಪುಸ್ತಕ ಬರೆದರು. ಅದು ಜಗತ್ತಿನಾದ್ಯಂತ ಮಾರಾಟವಾಗಿ ನಮ್ಮ ಕಚೇರಿಯ ಕಪಾಟಿಗೂ ಬಂತು. ಮಾನವ ಸಂಪನ್ಮೂಲ ವಿಭಾಗದವರು ಅದರ ಮೇಲೊಂದು ಅರ್ಧ ದಿನದ ಕಾರ್ಯಕ್ರಮವನ್ನೂ ಇಟ್ಟರು. ಮೌನಿಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬ ಬಗ್ಗೆ ಎಲ್ಲರೂ ಆರಾರು ಜನರ ಗುಂಪು ಮಾಡಿಕೊಂಡು ಗಟ್ಟಿಯಾಗಿ ಚರ್ಚಿಸಬೇಕಿತ್ತು.

ನಮ್ಮೂರಿನಲ್ಲಿ ಈ ಕಷ್ಟ ಇರಲಿಲ್ಲ. ಅಲ್ಲಿ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವ ಪದ್ಧತಿಯೇ ಇಲ್ಲ; ಅದು ಬೇರೆಯವರ ಕೆಲಸ. ಯಾರ ಮನೆಗಾದರೂ ಹೋಗಿ ಜಗಲಿಯ ಮೇಲೆ ಕೂತರೆ, ಜೊತೆಗಿದ್ದ ಅಜ್ಜಿ ‘ಇವನು ನಮ್ಮ ದೊಡ್ಡವನ ಮಗ, ಹುಡುಗನಿಗೆ ಮಾತು ಕಡಿಮೆ, ಕೆಲಸಕ್ಕೆ ಕೈ ಹಿಂದೆ ಇಲ್ಲ’ ಎಂದು ಮುಗಿಸುತ್ತಿದ್ದಳು. ಆಮೇಲೆ ನನ್ನನ್ನು ಯಾರೂ ತಡಕುತ್ತಿರಲಿಲ್ಲ. ನಾನು ಕಾಫಿ ಕುಡಿದು ಸೂರಿನ ತೊಲೆ ಎಣಿಸಬಹುದಿತ್ತು. ನನ್ನ ಮಾತಿನ ಪಾಲನ್ನು ಅಜ್ಜಿ ಆಡಿಯಾಗಿತ್ತು. ಅವಳ ಪಾಲಿನ ಮೌನವನ್ನು ನಾನು ನೋಡಿಕೊಳ್ಳುತ್ತಿದ್ದೆ. ಒಂದು ಮನೆಗೆ ಎರಡೂ ಬೇಕಲ್ಲ.

ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಆಗುವ ಬಗೆ ಗೊತ್ತಿದ್ದವರಿಗೆ ನಮ್ಮ ಕಡೆಯ ಗಂಡಸರು ಬೇಗ ಅರ್ಥವಾಗುತ್ತಾರೆ. ಕಾಯಿಗಳನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಅವುಗಳ ಪಾಡಿಗೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ತಾನಾಗಿ ಸದ್ದು ಮಾಡುವುದಿಲ್ಲ. ನಮ್ಮಪ್ಪ ಆ ಜಾತಿ. ಮಾರುಕಟ್ಟೆಯಲ್ಲಿ ಮಂಡಿಯವರು ಕೇಳಿದಷ್ಟಕ್ಕೆ ಉತ್ತರ, ಕೇಳದಿದ್ದರೆ ಬೀಡಿ. ಎತ್ತು ಕೊಳ್ಳಲು ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದರೆ ಆತನಿಗೆ ಹಬ್ಬ. ಅಲ್ಲಿಯ ದಲ್ಲಾಳಿಗಳು ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿ ಬೆಲೆ ಹೇಳುತ್ತಾರೆ. ಕೊಳ್ಳುವವನು ಬೆರಳಲ್ಲೇ ಬೆಲೆ ಇಳಿಸುತ್ತಾನೆ. ಸುತ್ತ ನಿಂತವರಿಗೆ ತಲೆಯಾಡುವುದು ಮಾತ್ರ ಕಾಣುತ್ತದೆ. ಸಾವಿರಾರು ರೂಪಾಯಿಯ ವ್ಯವಹಾರ ಒಂದು ಶಬ್ದವಿಲ್ಲದೆ ಮುಗಿದು, ಎತ್ತು ಹಗ್ಗ ಬದಲಾಯಿಸುತ್ತದೆ. ಪ್ರಪಂಚದ ವ್ಯಾಪಾರವೆಲ್ಲ ಟವೆಲಿನ ಕೆಳಗೇ ನಡೆದಿದ್ದರೆ ನಾನು ಇಷ್ಟು ಹೊತ್ತಿಗೆ ವೈಸ್ ಪ್ರೆಸಿಡೆಂಟ್ ಆಗಿರುತ್ತಿದ್ದೆ.

ಹಾಗೆಂದು ಊರು ಮೌನಿಗಳ ಸ್ವರ್ಗವಾಗಿತ್ತು ಎನ್ನಲಾರೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ಬಾಯಲ್ಲೇ ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದೂ ಹೇಳುತ್ತಾರೆ. ಮೊದಲನೆಯ ಗಾದೆ ಬೇರೆಯವರ ಮಕ್ಕಳಿಗೆ, ಎರಡನೆಯದು ತಮ್ಮ ಮಕ್ಕಳಿಗೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಲೆಕ್ಕವೇ ಬೇರೆ. ಹೆಣ್ಣು ನೋಡುವ ದಿನ ‘ಹುಡುಗಿಗೆ ಮಾತು ಕಡಿಮೆ’ ಎಂಬುದು ಹೊಗಳಿಕೆ. ಮದುವೆಯಾಗಿ ಆರು ತಿಂಗಳಿಗೆ ಅದೇ ‘ಮುಗುಮ್ಮಾಗಿರ್ತಾಳೆ, ಒಳಗೇನಿದೆಯೋ’ ಎಂಬ ದೂರು. ಗಂಡಸು ಸುಮ್ಮನಿದ್ದರೆ ಗಂಭೀರ, ಹೆಂಗಸು ಸುಮ್ಮನಿದ್ದರೆ ಜಂಬ. ನನಗೆ ಸಿಕ್ಕ ರಿಯಾಯಿತಿ ನನ್ನ ಅಕ್ಕನಿಗೆ ಸಿಕ್ಕಿರಲಿಲ್ಲ ಎಂಬುದನ್ನು ಹೇಳಿಯೇ ಮುಂದೆ ಹೋಗಬೇಕು.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿದ ಮೇಲೆ ತುಮಕೂರು ರಸ್ತೆ ಹಿಡಿದು ಬಂದವರು ಎಲ್ಲಿ ಇಳಿಯುತ್ತಾರೋ ಅಲ್ಲೇ ನಾನೂ ಇಳಿದೆ: ಪೀಣ್ಯ. 1970ರ ದಶಕದಿಂದ ಬೆಳೆದ ಆ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳಿಗಿಂತ ತಗಡಿನ ಶೆಡ್ಡುಗಳೇ ಹೆಚ್ಚು. ಪಕ್ಕದ ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್‌ಗಳಲ್ಲಿ ಕೆಲಸ ಕಲಿತ ಕೈಗಳೂ ಅಲ್ಲಿಗೆ ಬಂದು ಲೇತು, ಮಿಲ್ಲಿಂಗು, ಗ್ರೈಂಡಿಂಗು ಎಂದು ಒಂದೊಂದೇ ಯಂತ್ರ ಇಟ್ಟುಕೊಂಡು ಬಾಡಿಗೆಯ ಶೆಡ್ಡುಗಳಲ್ಲಿ ಕೂತಿದ್ದವು. ಎನ್‌ಟಿಟಿಎಫ್ ಸರ್ಕಲ್ಲಿನಿಂದ ಒಳಕ್ಕೆ ಒಂದು ಅಡ್ಡರಸ್ತೆಯಲ್ಲಿ ನಮ್ಮ ಶೆಡ್ಡು. ಗೋಡೆಯ ಆಚೆ ಪವರ್ ಪ್ರೆಸ್ಸುಗಳ ಸಾಲು. ಬೆಳಗ್ಗೆ ಶುರುವಾದರೆ ಸಂಜೆಯವರೆಗೆ ಧಡ್ ಧಡ್ ಎಂದು ನೆಲವೇ ಎದೆಗೆ ಗುದ್ದುತ್ತಿತ್ತು. ಅಲ್ಲಿ ನಾನು ಕಡಿಮೆ ಮಾತಿನವನು ಎಂಬುದು ಯಾರಿಗೂ ಗೊತ್ತಾಗಲೇ ಇಲ್ಲ. ಮಾತಿನಮಲ್ಲರೂ ಅಲ್ಲಿ ಮೂಕರೇ. ಎರಡು ಬೆರಳು ತುಟಿಗೆ ಮುಟ್ಟಿಸಿದರೆ ಟೀ ಬಂತು. ಮಣಿಕಟ್ಟು ತಟ್ಟಿದರೆ ಪಾಳಿ ಮುಗಿಯಿತು. ಹೆಬ್ಬೆರಳು ತೋರುಬೆರಳ ನಡುವೆ ಕೂದಲೆಳೆಯ ಸಂದು ಮಾಡಿ ತೋರಿಸಿದರೆ ಇನ್ನೊಂದು ಚೂರು ತೆಗೆ ಎಂದರ್ಥ. ಅಂಗೈಯನ್ನು ಕತ್ತಿನ ಬಳಿ ಅಡ್ಡ ಎಳೆದರೆ ಜಾಬ್ ರಿಜೆಕ್ಟ್ ಆಯಿತು, ಓನರ್ ಬರುತ್ತಿದ್ದಾರೆ, ಓಡು.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಧರ್ಮಪುರಿ ಕಡೆಯವರು. ಅವರಿಗೆ ಕನ್ನಡ ಅರ್ಧ, ನನಗೆ ತಮಿಳು ಕಾಲು. ಆದರೂ ಮಾತು ತಪ್ಪಿದ್ದಿಲ್ಲ. ಡ್ರಾಯಿಂಗ್ ಹಾಳೆಯ ಮೇಲೆ ಬೆರಳಿಡುತ್ತಿದ್ದರು. ನಾನು ಮೈಕ್ರೋಮೀಟರ್ ತೋರಿಸುತ್ತಿದ್ದೆ. ಹುಬ್ಬು ಏರಿದರೆ ತಪ್ಪು, ಏರದಿದ್ದರೆ ಸರಿ. ಡ್ರಾಯಿಂಗು ಹೇಳಿದ್ದನ್ನು ಮೈಕ್ರೋಮೀಟರ್ ಒಪ್ಪಿದರೆ ಅಲ್ಲಿಗೆ ಚರ್ಚೆ ಮುಗಿಯಿತು. ನೂರನೇ ಎರಡು ಮಿಲಿಮೀಟರ್ ಹೆಚ್ಚಾದ ಶಾಫ್ಟನ್ನು ಯಾವ ವಾಗ್ಮಿಯೂ ಬೇರಿಂಗಿನೊಳಗೆ ಕೂರಿಸಲಾರ. ಅದೇ ನನಗೆ ಪೀಣ್ಯದಲ್ಲಿ ಹಿಡಿಸಿದ್ದು: ಮಾಡಿದ ಕೆಲಸ ಮೇಜಿನ ಮೇಲೆ ಇರುತ್ತಿತ್ತು, ಅದನ್ನು ಅಳೆಯಬಹುದಿತ್ತು, ಅದೇ ನಮ್ಮ ಪರವಾಗಿ ಮಾತಾಡುತ್ತಿತ್ತು.

ಆದರೆ ಆ ಮೌನಕ್ಕೆ ಬೆಲೆ ತೆತ್ತವರನ್ನೂ ನೋಡಿದ್ದೇನೆ. ನಮ್ಮ ದೇಶದ ಕಾರ್ಖಾನೆ ನಿಯಮಗಳು ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಶಬ್ದವನ್ನು ಮಿತಿಯೆಂದು ಇಟ್ಟಿವೆ. ಪ್ರೆಸ್ಸಿಗೆ ಆ ನಿಯಮ ಓದಿ ಹೇಳಿದವರಿಲ್ಲ. ಪ್ರೆಸ್ ನಡೆಸಿ ವಯಸ್ಸಾದವರು ಟೀ ಅಂಗಡಿಯಲ್ಲಿ ಪಕ್ಕದಲ್ಲೇ ಕೂತವನ ಜೊತೆ ಕೂಗಿ ಮಾತಾಡುತ್ತಿದ್ದರು. ತಮ್ಮ ದನಿ ತಮಗೆ ಕೇಳದ್ದರಿಂದ. ಇನ್ನು ಗಾರ್ಮೆಂಟ್ಸಿನ ಹೆಣ್ಣುಮಕ್ಕಳು. ಲೈನಿನಲ್ಲಿ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟು, ಪಕ್ಕದವಳ ಜೊತೆ ಎರಡು ಮಾತಾಡಿದರೆ ಸೂಪರ್‌ವೈಸರನ ಗದರು. ಸಂಜೆ ಗೇಟು ದಾಟಿ ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಎಂಟು ಗಂಟೆ ಒತ್ತಿಟ್ಟ ಮಾತೆಲ್ಲ ಒಟ್ಟಿಗೆ ಹೊರಬರುತ್ತಿತ್ತು. ಬಸ್ಸಿನ ತುಂಬ ಅದೇ. ಹಾಗಾಗಿ ಮೌನದ ಹಿರಿಮೆಯ ಬಗ್ಗೆ ಯಾರಾದರೂ ದೊಡ್ಡದಾಗಿ ಶುರು ಮಾಡಿದರೆ ನನಗೆ ಆ ಬಸ್ಸು ನೆನಪಾಗುತ್ತದೆ. ಇಷ್ಟಪಟ್ಟು ಸುಮ್ಮನಿರುವುದು ಬೇರೆ, ಬಾಯಿ ಮುಚ್ಚಿಸಿಕೊಂಡು ಸುಮ್ಮನಿರುವುದು ಬೇರೆ.

ಯಂತ್ರ ನಡೆಸುವುದನ್ನು ಬಿಟ್ಟು ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸ ಕಲಿತು, ಅಲ್ಲಿಂದ ಆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರನ್ನು ಪರೀಕ್ಷಿಸುವ ಕೆಲಸ ಹಿಡಿದು ವೈಟ್‌ಫೀಲ್ಡ್ ಸೇರಿದೆ. ಸದ್ದಿನ ಕಾರ್ಖಾನೆಯಿಂದ ಎಸಿ ಹಾಕಿದ ನಿಶ್ಶಬ್ದ ಕಟ್ಟಡಕ್ಕೆ ಹೋದರೆ ನನ್ನಂಥವನಿಗೆ ಇನ್ನೇನು ಬೇಕು ಎಂದು ಎಲ್ಲರೂ ಅಂದುಕೊಂಡರು. ಆದದ್ದು ತಿರುಗುಮುರುಗು. ಪೀಣ್ಯದಲ್ಲಿ ಗದ್ದಲವಿತ್ತು, ಮಾತಿರಲಿಲ್ಲ. ಇಲ್ಲಿ ಗದ್ದಲವಿಲ್ಲ, ಆದ್ದರಿಂದ ಮಾತನ್ನು ತಡೆಯಲು ಏನೂ ಇಲ್ಲ.

ಬೆಳಗ್ಗೆ ಸ್ಟ್ಯಾಂಡಪ್. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಏನು ಅಡ್ಡಿ: ಮೂರು ಪ್ರಶ್ನೆ, ಹದಿನೈದು ನಿಮಿಷ, ಎಲ್ಲರೂ ನಿಂತೇ. ಮಾತು ಬೇಗ ಮುಗಿಯಲಿ, ಕಾಲು ನೋಯಲಿ ಎಂದೇ ನಿಲ್ಲಿಸುವ ಈ ಪದ್ಧತಿಯಷ್ಟು ಮೌನಿಗಳಿಗೆ ಅನುಕೂಲವಾದದ್ದು ಇನ್ನೊಂದಿರಲಿಲ್ಲ. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದೂರಿನಲ್ಲಿ 17 ಜನ ಸೇರಿ ಸಾಫ್ಟ್‌ವೇರ್ ಕೆಲಸದ ಅಜೈಲ್ ಪ್ರಣಾಳಿಕೆ ಬರೆದಾಗ, ಮಾಹಿತಿ ದಾಟಿಸಲು ಎದುರುಬದುರು ಮಾತುಕತೆಯಷ್ಟು ಸಮರ್ಥವಾದದ್ದು ಬೇರಿಲ್ಲ ಎಂಬ ತತ್ವವನ್ನೂ ಅದಕ್ಕೆ ಸೇರಿಸಿದರು. ಹಿಮದಲ್ಲಿ ಹುಟ್ಟಿದ ಆ ತತ್ವ ವೈಟ್‌ಫೀಲ್ಡಿಗೆ ಬರುವಷ್ಟರಲ್ಲಿ ಉಬ್ಬಿತು. ನಮ್ಮಲ್ಲಿ ಸ್ಟ್ಯಾಂಡಪ್ಪಿಗೆ ಕುರ್ಚಿ ಬಂದವು. ಒಬ್ಬರು ‘ನಿನ್ನೆ’ ಎಂದು ಶುರು ಮಾಡಿದರೆ ಹೋದ ತಿಂಗಳಿಗೂ ಹೋಗಿಬರುತ್ತಾರೆ. ನನ್ನದು ‘ಎರಡು ದೋಷ ಸಿಕ್ಕಿವೆ, ಬರೆದಿಟ್ಟಿದ್ದೇನೆ, ಅಡ್ಡಿಯಿಲ್ಲ’. ಆಮೇಲೆ ಒಂದು ಕ್ಷಣ ಸ್ತಬ್ಧ, ‘ಅಷ್ಟೇನಾ?’ ಎಂಬ ನೋಟ. ಕೆಲಸವಾದರೆ ಸಾಲದು, ಕೆಲಸವಾಗಿರುವುದು ಕೇಳಿಸಬೇಕು ಎಂಬುದನ್ನು ನಾನು ನಿಧಾನವಾಗಿ ಅರಿತೆ.

ಬ್ರೈನ್‌ಸ್ಟಾರ್ಮಿಂಗ್ ಎಂಬ ಇನ್ನೊಂದು ಇದೆ. ಎಲ್ಲರೂ ಒಂದು ಕೋಣೆಯಲ್ಲಿ ಕೂತು ಬಾಯಿಗೆ ಬಂದ ಉಪಾಯಗಳನ್ನೆಲ್ಲ ಕೂಗಬೇಕು, ಯಾರೂ ಯಾವುದನ್ನೂ ಹಳಿಯಬಾರದು. ಇದರ ಪಿತಾಮಹ ಅಲೆಕ್ಸ್ ಆಸ್ಬರ್ನ್ ಎಂಬ ಜಾಹೀರಾತಿನವರು. ಗುಂಪಿನಲ್ಲಿ ಉಪಾಯಗಳು ಹೆಚ್ಚು ಹುಟ್ಟುತ್ತವೆಂದು ಅವರು ನಂಬಿಸಿದ್ದರು. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ ನೋಡಿದರು: ಅಷ್ಟೇ ಜನ ಬೇರೆ ಬೇರೆ ಕೂತು ಯೋಚಿಸಿ ಆಮೇಲೆ ಒಟ್ಟು ಹಾಕಿದರೆ ಉಪಾಯಗಳು ಹೆಚ್ಚು ಸಿಕ್ಕವು. ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಾಗ ತಮ್ಮದು ಮರೆಯುತ್ತದೆ, ಮರೆಯದಿದ್ದರೂ ನಾಚಿಕೆಯಾಗುತ್ತದೆ. ಗೋಡೆಗಳನ್ನು ಒಡೆದು ಎಲ್ಲರನ್ನೂ ಒಂದೇ ಹಜಾರದಲ್ಲಿ ಕೂರಿಸಿದರೆ ಮಾತುಕತೆ ಹೆಚ್ಚುತ್ತದೆಂಬ ನಂಬಿಕೆಗೂ ಇದೇ ಗತಿ ಆಯಿತು. 2018ರಲ್ಲಿ ಹಾರ್ವರ್ಡಿನವರು ಎರಡು ಕಂಪನಿಗಳಲ್ಲಿ ಅಳೆದಾಗ ಎದುರುಬದುರು ಮಾತು ಸುಮಾರು ಶೇ. 70ರಷ್ಟು ಇಳಿದಿತ್ತು, ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸಂದೇಶ ಕಳಿಸತೊಡಗಿದ್ದರು. ಈ ಅಧ್ಯಯನಗಳನ್ನು ನಮ್ಮ ಸಭೆಯಲ್ಲಿ ಹೇಳಬಹುದಿತ್ತು. ಹೇಳಬೇಕಾದರೆ ಮಾತಾಡಬೇಕಲ್ಲ.

ಇಷ್ಟು ಗೊಣಗಿದ ಮೇಲೆ ಒಂದು ನ್ಯಾಯದ ಮಾತನ್ನೂ ಆಡಬೇಕು. ವೈಟ್‌ಫೀಲ್ಡಿನವರು ಯಾಕೆ ಇಷ್ಟು ಮಾತಾಡುತ್ತಾರೆ? ಅಲ್ಲಿ ಯಾರ ಅಜ್ಜಿಯೂ ಇಲ್ಲದ್ದರಿಂದ. ಆ ಜಾಗದ ಹುಟ್ಟೇ ಹಾಗೆ. 1882ರಲ್ಲಿ ಡಿ.ಎಸ್. ವೈಟ್ ಅವರ ಮುಂದಾಳತನದಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘದವರಿಗೆ ಮೈಸೂರಿನ ಹತ್ತನೇ ಚಾಮರಾಜ ಒಡೆಯರು 3,900 ಎಕರೆ ಕೊಟ್ಟಾಗ ಬಂದು ನೆಲೆಸಿದವರು, ಬ್ರಿಟಿಷರು ತಮ್ಮವರೆನ್ನದ, ಇಲ್ಲಿಯವರೂ ತಮ್ಮವರೆನ್ನದ ಜನ. ನೂರು ವರ್ಷ ದಾಟಿದ ಮೇಲೆ, 1990ರ ದಶಕದಲ್ಲಿ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಎದ್ದಾಗ ಬಂದವರೂ ಬೇರೆ ಬೇರೆ ಊರುಗಳಿಂದ ಒಬ್ಬೊಬ್ಬರೇ ಬಂದವರು. ಪಟ್ನಾದ ಹುಡುಗನಿಗೆ ವಿಜಯವಾಡದ ಹುಡುಗಿಯ ಅಪ್ಪ ಯಾರೆಂದು ಗೊತ್ತಿಲ್ಲ. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲು, ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಕರಾರು. ಒಬ್ಬನ ಬಗ್ಗೆ ಇನ್ನೊಬ್ಬ ಸಾಕ್ಷಿ ಹೇಳುವಷ್ಟು ಕಾಲ ಯಾರೂ ಒಟ್ಟಿಗೆ ಇರುವುದಿಲ್ಲ. ಹಾಗಿದ್ದಾಗ ಮನುಷ್ಯ ತನ್ನ ಅಜ್ಜಿಯ ಕೆಲಸವನ್ನು ತಾನೇ ಮಾಡಿಕೊಳ್ಳಬೇಕಾಗುತ್ತದೆ. ನಾನು ಇಂಥವನು, ಇಷ್ಟು ಬಲ್ಲೆ, ನಂಬಿ ಎಂದು ದಿನಾ ಕೂಗಿ ಹೇಳಬೇಕು. ಅವರ ಮಾತಿನ ಹೊಳೆಯ ಹಿಂದೆ ಎಷ್ಟೋ ಸಲ ಗಾಬರಿ ಇರುತ್ತದೆ. ಇದು ಹೊಳೆದ ಮೇಲೆ ಲಡಾಖಿನ ಬೈಕಿನವನ ಮೇಲೆ ನನಗಿದ್ದ ಸಿಟ್ಟು ಕಡಿಮೆಯಾಯಿತು.

ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಕಂಪನಿಗಳಲ್ಲಿ ಮೌನಿಗಳೆಂದು ಹೆಸರಾದವರಲ್ಲಿ ಅರ್ಧ ಜನ ಮೌನಿಗಳಲ್ಲ. ಹಾಸನ, ಚಿತ್ರದುರ್ಗ, ರಾಯಚೂರುಗಳ ಕನ್ನಡ ಮಾಧ್ಯಮದ ಹುಡುಗರು ಸಭೆಯಲ್ಲಿ ಬಾಯಿ ಬಿಡುವುದಿಲ್ಲ. ಅವರನ್ನು ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ನೋಡಬೇಕು: ರಾಗಿಮುದ್ದೆ ಸಿಕ್ಕುವ ಬುಧವಾರ ಅಲ್ಲಿ ಮಾತಿಗೆ ಮುಸುರೆ ತೊಳೆಯುವವರೂ ನಿಂತು ಕೇಳುತ್ತಾರೆ. ಅವರು ಇಂಗ್ಲಿಷಿನಲ್ಲಿ ಮಾತ್ರ ಸುಮ್ಮನಿರುವವರು. ವ್ಯಾಕರಣ ಜೋಡಿಸಿಕೊಳ್ಳುವಷ್ಟರಲ್ಲಿ ಸಭೆ ಮುಂದಿನ ವಿಷಯಕ್ಕೆ ಹೋಗಿರುತ್ತದೆ. ಇಂಥವರನ್ನು ನಾಚಿಕೆಯವರು ಎಂದು ಗುರುತಿಸಿ ಸ್ಪೋಕನ್ ಇಂಗ್ಲಿಷ್ ತರಗತಿಗೆ ಕಳಿಸುತ್ತಾರೆ. ನಾಲ್ಕು ತಿಂಗಳಿಗೆ ಬಾಯಿ ಬಂದು ಮುಂದಕ್ಕೂ ಹೋಗುತ್ತಾರೆ. ನನ್ನನ್ನೂ ಕಳಿಸಿದರು. ಇಂಗ್ಲಿಷ್ ಬಂತು. ಮಾತು ಬರಲಿಲ್ಲ. ನಾನು ಎರಡು ಭಾಷೆಯಲ್ಲೂ ನಿಷ್ಪಕ್ಷಪಾತವಾಗಿ ಸುಮ್ಮನಿರುತ್ತೇನೆ ಎಂಬುದು ಆ ತರಬೇತಿಯಿಂದ ಸಿದ್ಧವಾಯಿತು.

ಕನ್ನಡಿಗನಾಗಿದ್ದರ ದಂಡ ನವೆಂಬರಿನಲ್ಲಿ ಬೀಳುತ್ತದೆ. ವರ್ಷವಿಡೀ ನನ್ನ ದನಿ ಕೇಳದವರಿಗೆ ರಾಜ್ಯೋತ್ಸವ ಬಂದ ಕೂಡಲೇ ನಾನು ಕನ್ನಡದವನೆಂದು ನೆನಪಾಗುತ್ತದೆ. ತಂಡದಲ್ಲಿ ಕನ್ನಡದವರು ನಾವು ಇಬ್ಬರು ಮೂವರು. ಕೆಂಪು ಹಳದಿ ಶಾಲು ಹೊದಿಸಿ, ಮೈಕ್ ಕೊಟ್ಟು, ಕನ್ನಡದ ಬಗ್ಗೆ ಐದು ನಿಮಿಷ ಮಾತಾಡಿ ಎನ್ನುತ್ತಾರೆ. ಕನ್ನಡಿಗರು ಮೆತ್ತಗಿನವರು, ಎದುರಿನವನ ಭಾಷೆಗೆ ತಕ್ಷಣ ಹೊರಳುವವರು, ದನಿ ಎತ್ತುವುದಿಲ್ಲ ಎಂಬ ಆಕ್ಷೇಪ ಊರಿನಲ್ಲೆಲ್ಲ ಇದೆ. ಆ ಆಕ್ಷೇಪಕ್ಕೆ ಉತ್ತರ ಕೊಡಬೇಕಾದ ವೇದಿಕೆಗೆ ಅದರ ಜೀವಂತ ಉದಾಹರಣೆಯನ್ನೇ ಹತ್ತಿಸಿದರೆ ಹೇಗೆ? ನಾನು ಶುಭಾಶಯ ಹೇಳಿ, ‘ಮುಂದೆ ಡೊಳ್ಳು ಕುಣಿತ’ ಎಂದು ಇಳಿಯುತ್ತೇನೆ. ಡೊಳ್ಳಿನವರು ಉಳಿದದ್ದನ್ನು ನೋಡಿಕೊಳ್ಳುತ್ತಾರೆ.

ಹಾಗೆ ನೋಡಿದರೆ ಈ ನಗರ ಮೆಚ್ಚಿಕೊಂಡ ಮೌನಿಯೂ ಒಬ್ಬರಿದ್ದಾರೆ. ರಾಹುಲ್ ದ್ರಾವಿಡ್ 2004ರಲ್ಲಿ ರಾವಲ್ಪಿಂಡಿಯಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಕ್ರೀಸಿನಲ್ಲಿ ನಿಂತು 270 ರನ್ ಹೊಡೆದಾಗ ಬೆಂಗಳೂರು ಹೆಮ್ಮೆಪಟ್ಟಿತು. ಆದರೆ ಅವರು ಊರಿನ ಎಲ್ಲರ ಬಾಯಲ್ಲಿ ಒಂದೇ ರಾತ್ರಿಯಲ್ಲಿ ಕುಣಿದದ್ದು 2021ರ ಜಾಹೀರಾತೊಂದರಲ್ಲಿ ಟ್ರಾಫಿಕ್ಕಿನ ನಡುವೆ ಕಾರಿನಿಂದ ತಲೆ ಹೊರಹಾಕಿ ‘ಇಂದಿರಾನಗರದ ಗೂಂಡಾ’ ಎಂದು ಅರಚಿದಾಗ. ನಾನೂ ನಕ್ಕೆ. ನಕ್ಕ ಮೇಲೆ ಯೋಚಿಸಿದೆ: ಹನ್ನೆರಡು ಗಂಟೆ ಸುಮ್ಮನೆ ಆಡಿದವನಲ್ಲೂ ನಮಗೆ ಬೇಕಾದದ್ದು ಕೊನೆಗೆ ಒಂದು ಕೂಗೇ.

ಈ ನಗರ ಮಾತನ್ನು ಹೆಚ್ಚಿಸಿತು ಎಂದರೂ ಪೂರ್ತಿ ನಿಜವಲ್ಲ. ಒಂದು ಬಗೆಯ ಮಾತನ್ನು ಕೈಯಾರೆ ಕೊಂದುಹಾಕಿತು. ಹಿಂದೆ ಬಸ್ ಹತ್ತಿದರೆ ಕಂಡಕ್ಟರಿಗೆ ಊರು ಹೇಳಬೇಕಿತ್ತು, ಆಟೋದವನ ಹತ್ತಿರ ಚೌಕಾಶಿ ಮಾಡಬೇಕಿತ್ತು, ಅಂಗಡಿಯವನಿಗೆ ಕಾಲು ಕಿಲೋ ಎನ್ನಬೇಕಿತ್ತು. ಈಗ ಆ್ಯಪು ಒತ್ತಿದರೆ ಆಟೋ ಬರುತ್ತದೆ. ಚಾಲಕ ಕೇಳುವುದು ನಾಲ್ಕಂಕಿಯ ಒಟಿಪಿ, ಇಳಿಯುವಾಗ ತೋರಿಸುವುದು ಕ್ಯೂಆರ್ ಚೌಕ. ಟೀ ಅಂಗಡಿಯಲ್ಲಿ ನಾನು ಸುಮ್ಮನೆ ಫೋನು ಹಿಡಿಯುತ್ತೇನೆ, ಅವನು ಸುಮ್ಮನೆ ಲೋಟ ಇಡುತ್ತಾನೆ. ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯೊಂದು ನಮ್ಮಿಬ್ಬರ ಪರವಾಗಿ ಇಂತಿಷ್ಟು ರೂಪಾಯಿ ಬಂತೆಂದು ಬೀದಿಗೆಲ್ಲ ಕೇಳುವಂತೆ ಕನ್ನಡದಲ್ಲಿ ಕೂಗುತ್ತದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವರಿಗೂ ನನಗೂ ನಡುವೆ ಫೋನಿನ ಒಪ್ಪಿಗೆಯ ಗುಂಡಿ. ಮೌನಿಗೆ ಇದು ರಾಮರಾಜ್ಯ ಆಗಬೇಕಿತ್ತು. ಆಗಲಿಲ್ಲ. ಅಂಥ ಮಾತುಗಳಿಂದ ನನಗೆ ಎಂದೂ ಆಯಾಸವಾದದ್ದಿಲ್ಲ. ಅವಕ್ಕೆ ಕಾರಣ ಇತ್ತು, ತುದಿ ಇತ್ತು. ‘ಇವತ್ತು ಶುಂಠಿ ಜಾಸ್ತಿನಾ’ ಎಂದು ಕೇಳಿದ ಟೀಯವನಿಗೆ ‘ಹ್ಞೂಂ’ ಎಂದರೆ ಮುಗಿಯಿತು. ಆ ಒಂದು ಹ್ಞೂಂನಲ್ಲಿ ಇಬ್ಬರು ಮನುಷ್ಯರು ಭೇಟಿಯಾಗುತ್ತಿದ್ದರು. ಬೇಕಾದ ಮಾತನ್ನು ಯಂತ್ರಕ್ಕೆ ಕೊಟ್ಟು, ತೋರಿಕೆಯ ಮಾತನ್ನು ನಮಗೆ ಉಳಿಸಿದ್ದಾರೆ ಎಂಬುದೇ ನನ್ನ ತಕರಾರು.

ಬೇಕಾದಷ್ಟೇ ಮಾತಿಗೆ ಮಾದರಿ ಕೇಳಿದರೆ ನಾನು ಮೆಟ್ರೋ ತೋರಿಸುತ್ತೇನೆ. ಪೀಣ್ಯಕ್ಕೆ ರೈಲು ಬಂದದ್ದು 2014ರ ಮಾರ್ಚ್ 1ಕ್ಕೆ. ವೈಟ್‌ಫೀಲ್ಡಿನ ಕಾಡುಗೋಡಿಗೆ 2023ರ ಮಾರ್ಚಿನಲ್ಲಿ ಬಂದರೂ, ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರ ನಡುವಿನ ತುಂಡು ಕೂಡಿಕೊಂಡದ್ದು ಆ ಅಕ್ಟೋಬರಿನಲ್ಲಿ. ಆ ಗಾಡಿಗಳಲ್ಲಿ ಕನ್ನಡದ ದನಿ ಅಪರ್ಣಾ ಅವರದು. ದೂರದರ್ಶನದ ಕಾಲದಿಂದ ನಿರೂಪಣೆಯನ್ನೇ ವೃತ್ತಿ ಮಾಡಿಕೊಂಡ, ಅಂದರೆ ಮಾತಾಡಿಯೇ ಬದುಕಿದ ಹೆಣ್ಣುಮಗಳು. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಹೇಳುತ್ತಾರೆ. ಒಂದಕ್ಷರ ಹೆಚ್ಚಿಲ್ಲ, ಒಂದು ಒತ್ತಕ್ಷರ ತಪ್ಪಿಲ್ಲ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ, ಒಮ್ಮೆಯೂ ಭೇಟಿಯಾಗದ ನನಗೆ ದಿನಾ ಮಾತಾಡಿಸುತ್ತಿದ್ದ ನೆಂಟರೊಬ್ಬರು ಹೋದಂತಾಯಿತು. ಮಾತಿನವರ ಮೇಲೆ ನನಗೆ ದ್ವೇಷವಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

2020ರಲ್ಲಿ ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದಾಗ ನಮ್ಮ ಪಂಗಡಕ್ಕೆ ಕೆಲಕಾಲ ಶುಕ್ರದೆಸೆ ಬಂದಿತ್ತು. ಪರದೆಯ ಮೇಲೆ ಎಲ್ಲರಿಗೂ ಒಂದೇ ಅಳತೆಯ ಚೌಕ. ಯಾರ ಕುರ್ಚಿಯೂ ಮೇಜಿನ ತಲೆಯಲ್ಲಿಲ್ಲ. ಒಬ್ಬರು ದನಿ ಏರಿಸುತ್ತಿದ್ದರೆ ನಾನು ಪಕ್ಕದ ಚಾಟ್ ಕಿಟಕಿಯಲ್ಲಿ ಮೂರು ಸಾಲು ಬರೆದು ಹಾಕುತ್ತಿದ್ದೆ. ಯಾರೂ ಅಡ್ಡ ಬಾಯಿ ಹಾಕುವಂತಿರಲಿಲ್ಲ. ಅದುವರೆಗೆ ಇವನಿಗೇನೂ ಗೊತ್ತಿಲ್ಲವೆಂದು ಬಗೆದಿದ್ದವರು ‘ಒಳ್ಳೆಯ ಪ್ರಶ್ನೆ’ ಎನ್ನತೊಡಗಿದರು. ಆಮೇಲೆ ಕಚೇರಿಗೆ ಬನ್ನಿ ಎಂಬ ಮಿಂಚಂಚೆ ಬಂತು. ಜೊತೆಗೆ, ಮತ್ತೆ ಪರಿಚಯ ಬೆಳೆಸಿಕೊಳ್ಳಲು ಹೊರವಲಯದ ರೆಸಾರ್ಟಿನಲ್ಲಿ ಹಗ್ಗ ಜಗ್ಗಾಟ.

ಈಗ ನಾನಿರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು 1970ರ ದಶಕದಲ್ಲೇ ಇಲ್ಲೊಂದು ಎಲೆಕ್ಟ್ರಾನಿಕ್ಸ್ ನಗರ ಬರಬೇಕೆಂದು ಹಿಡಿದ ಹಟದ ಫಲವಾಗಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳು ಕ್ಯಾಂಪಸ್ಸುಗಳಾದವು. 2010ರಲ್ಲಿ ಸಿಲ್ಕ್ ಬೋರ್ಡಿನಿಂದ ಮೇಲ್ಸೇತುವೆ ಬಂತು, 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಬಂತು. ಜನ ಬಂದು ಸೇರುವ ವೇಗ ಮಾತ್ರ ಹೆಚ್ಚಿತೇ ಹೊರತು ಅಪರಿಚಿತತನ ಇಳಿಯಲಿಲ್ಲ. ಸರ್ವಿಸು ಹೆಚ್ಚಾದ ಕಾರಣಕ್ಕೆ ನನ್ನನ್ನು ಒಂದು ಸಣ್ಣ ತಂಡಕ್ಕೆ ಲೀಡ್ ಮಾಡಿದ್ದಾರೆ. ಹಾಗೆ ಮಾಡಿಸಿದ್ದು ಒಬ್ಬ ಹಿರಿಯ ಸಹೋದ್ಯೋಗಿ. ನಾನಿಲ್ಲದ ಸಭೆಯಲ್ಲಿ, ನಾನು ಕಂಡುಹಿಡಿದ ದೋಷಗಳ ಪಟ್ಟಿಯನ್ನು ಪರದೆಗೆ ಹಾಕಿ, ‘ಈ ಮನುಷ್ಯ ಹೇಳಿಕೊಳ್ಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ’ ಎಂದರಂತೆ. ಅವರು ಚೆನ್ನೈನವರು, ನಮ್ಮಜ್ಜಿಯನ್ನು ಕಂಡವರಲ್ಲ.

ಲೀಡ್ ಆದವನಿಗೆ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಎಂಬ ಸಭೆ. ಎಲ್ಲ ತಂಡಗಳ ಲೀಡುಗಳು ಕೂತು, ತಮ್ಮ ಹುಡುಗರಿಗೆ ಯಾವ ಶ್ರೇಣಿ ಸಿಗಬೇಕೆಂದು ವಾದಿಸಬೇಕು. ಹುಡುಗರು ಅಲ್ಲಿರುವುದಿಲ್ಲ. ಮೊದಲ ಸಲ ಹೋಗುವಾಗ ನನಗೆ ಹೊಟ್ಟೆಯಲ್ಲಿ ಕಲಸಿತ್ತು. ನನ್ನ ತಂಡದಲ್ಲಿ ಹಿರಿಯೂರಿನ ಕಡೆಯ ಹುಡುಗನೊಬ್ಬ. ಕೆಲಸ ಅಚ್ಚುಕಟ್ಟು, ಬಾಯಿಗೆ ಬೀಗ. ಅವನ ಹೆಸರು ಬಂದ ಕೂಡಲೇ ಯಾರೋ ‘ಸಭೆಗಳಲ್ಲಿ ಕಾಣಿಸುವುದಿಲ್ಲ’ ಎಂದರು. ಆಗ ನಾನು ಮಾತಾಡಿದೆ. ಯಾವ ದೋಷ ಬಿಡುಗಡೆಗೆ ಮುನ್ನ ಸಿಕ್ಕಿತು, ಅದು ಸಿಗದಿದ್ದರೆ ಗಿರಾಕಿಯ ಕಾರ್ಖಾನೆಯಲ್ಲಿ ಉಪಕರಣ ಹೇಗೆ ಮುರಿಯುತ್ತಿತ್ತು, ಅದನ್ನು ಹುಡುಕಲು ಅವನು ಯಾವ ದಾರಿ ಹಿಡಿದ, ಎಲ್ಲವನ್ನೂ ಬಿಡಿಸಿ ಹೇಳಿದೆ. ಕಡೆಗೆ ‘ಸಮಯ ಆಯಿತು’ ಎಂದು ನನ್ನನ್ನು ನಿಲ್ಲಿಸಬೇಕಾಯಿತು. ನನ್ನ ಬದುಕಿನಲ್ಲಿ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ತನ್ನ ಬಗ್ಗೆ ಎರಡು ವಾಕ್ಯ ಹೊಂದಿಸಲಾರದವನು ಇನ್ನೊಬ್ಬನ ಬಗ್ಗೆ ಧಾರಾಳವಾಗಿ ಮಾತಾಡಬಲ್ಲ ಎಂದು ನನಗೂ ಹೊಸದಾಗಿ ಗೊತ್ತಾಯಿತು. ಹೊಗಳಿಕೊಳ್ಳಲು ಬಾರದವರನ್ನೆಲ್ಲ ಸಾಲಾಗಿ ಕೂರಿಸಿ, ಒಬ್ಬೊಬ್ಬರೂ ಪಕ್ಕದವರ ಪರಿಚಯ ಮಾಡಿಕೊಡಿ ಎಂದರೆ ಸಾಕು, ಬೆಂಗಳೂರಿನ ಹೊರವಲಯದ ಅರ್ಧ ತರಬೇತಿ ಕೇಂದ್ರಗಳನ್ನು ಮುಚ್ಚಬಹುದು.

ಸಭೆ ಮುಗಿದ ಮೇಲೆ ಆ ಹುಡುಗನ ಫಾರಂ ತುಂಬಬೇಕಿತ್ತು. ‘ಸಂವಹನ: ಯಾವ ಸುಧಾರಣೆ ಅಗತ್ಯ?’ ಎಂಬ ಖಾನೆಯಲ್ಲಿ ‘ಕೇಳಿದರೆ ಚೆನ್ನಾಗಿ ಹೇಳುತ್ತಾನೆ. ಕೇಳಬೇಕು’ ಎಂದು ಬರೆದೆ. ಎರಡು ದಿನಕ್ಕೆ ಫಾರಂ ವಾಪಸ್ ಬಂತು: ಸುಧಾರಿಸಬೇಕಾದವರು ಯಾರೆಂದು ಸ್ಪಷ್ಟಪಡಿಸಿ. ಉದ್ಯೋಗಿಯನ್ನು ಬಿಟ್ಟು ಉಳಿದವರು ಎಂದು ತುಂಬಿ ಕಳಿಸಿದ್ದೇನೆ. ಸಿಸ್ಟಂ ಇನ್ನೂ ಒಪ್ಪಿಲ್ಲ. ಆ ಖಾನೆ ಖಾಲಿ ಬಿಡಲೂ ಬಿಡುತ್ತಿಲ್ಲ.